ನೆಕ್ಕರ್ ದಂಡೆಯ ಊರಿನಲ್ಲಿ ಕಾಲ್ನಡಿಗೆ

ಪರದೇಶಕ್ಕೆ ಹೋಗಿ ಬಂದವನು ಸ್ನೇಹಿತರ ಮುಂದೆ ಒಂದು ಬಗೆಯ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗುತ್ತದೆ. ಎಷ್ಟು ಊರು ನೋಡಿದಿರಿ, ಎಷ್ಟು ದೇಶ ಸುತ್ತಿದಿರಿ, ಆಲ್ಪ್ಸ್ ಪರ್ವತದ ಮೇಲೆ ಹಿಮವಿತ್ತೆ, ರೈನ್ ನದಿಯಲ್ಲಿ ಹಡಗಿನ ಪ್ರಯಾಣ ಮಾಡಿದಿರಾ ಎಂದು ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಕಳೆದ ಬೇಸಿಗೆಯಲ್ಲಿ ಒಂಬತ್ತು ವಾರ ಜರ್ಮನಿಯಲ್ಲಿದ್ದು ಹಿಂದಿರುಗಿದ ನಾನು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ನಾನು ನೋಡಿದ್ದು ಒಂದೇ ಊರು. ಅದರ ಹೆಸರು ಟ್ಯೂಬಿಂಗೆನ್. ಜನಸಂಖ್ಯೆ ಸುಮಾರು 90 ಸಾವಿರ. ಅವರಲ್ಲಿ ಮೂವರಲ್ಲಿ ಒಬ್ಬರಂತೆ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು. ಆ ಊರನ್ನು ನಾನು ದಿನಕ್ಕೆ ಎರಡು ಹೊತ್ತು ನಡೆದು ನೋಡಿದೆ. ಇಷ್ಟನ್ನು ಹೇಳಿದಾಗ ನನ್ನ ಹಳೆಯ ಸಹೋದ್ಯೋಗಿಗಳೊಬ್ಬರ ಮುಖದಲ್ಲಿ ಮೂಡಿದ ಕನಿಕರವನ್ನು ನಾನು ಬೇಗ ಮರೆಯಲಾರೆ. ವಿಮಾನದ ದುಡ್ಡು ದಂಡವಾಯಿತೆಂದು ಅವರ ಅಭಿಪ್ರಾಯ. ಆಗಲಿಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ಇಲ್ಲಿ ತಕ್ಕಮಟ್ಟಿಗೆ ಸಮರ್ಥಿಸಲು ಯತ್ನಿಸುತ್ತೇನೆ.

ನನ್ನ ಮಗಳು ಆ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳೂ ಮೊದಲ ವಾರ ನನ್ನನ್ನು ರೈಲು ಹತ್ತಿಸಲು ಬಹಳ ಪ್ರಯತ್ನಪಟ್ಟಳು. "ಅಪ್ಪ, ಇಷ್ಟು ದೂರ ಬಂದು ಒಂದು ಅರಮನೆಯನ್ನಾದರೂ ನೋಡದೆ ಹೋಗ್ತೀರಾ?" ಎಂದು ಕೇಳಿದಳು. ಮಂಡಿಯ ನೋವಿನ ನೆಪ ಹೇಳಿ ತಪ್ಪಿಸಿಕೊಂಡೆ. ಮಂಡಿಗೆ ನಡಿಗೆಯೇ ಮದ್ದೆಂದು ವೈದ್ಯರು ಹೇಳಿದ್ದರಾದ್ದರಿಂದ ಈ ನೆಪದಲ್ಲಿ ಸ್ವಲ್ಪ ಸತ್ಯವೂ ಇತ್ತು. ನಿಜವಾದ ಕಾರಣ ಬೇರೆ. ಟ್ಯೂಬಿಂಗೆನ್ ಎಂಬ ಹೆಸರು ನನಗೆ ನಲವತ್ತು ವರ್ಷಗಳಿಂದ ಪರಿಚಿತ. ಕನ್ನಡ ಪಾಠ ಹೇಳಿ ಜೀವನ ಮಾಡಿದವನು ನಾನು. ಕಿಟ್ಟೆಲ್ ಅವರ ನಿಘಂಟು ನನ್ನ ಮೇಜಿನ ಮೇಲೆ ಸದಾ ಇರುತ್ತಿದ್ದ ಪುಸ್ತಕ. ಆ ಮಹನೀಯರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಈ ಊರಿನಲ್ಲಿ; 1903ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಆದ್ದರಿಂದ ಒಂದು ಯಾತ್ರೆಯ ಭಾವದಿಂದಲೇ ನಾನು ಅಲ್ಲಿಗೆ ಹೋದೆನೆಂದು ಒಪ್ಪಿಕೊಳ್ಳುತ್ತೇನೆ. ಆ ಭಾವ ಎಷ್ಟು ದಿನ ಉಳಿಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಊರಿನ ರೂಪವನ್ನು ಮೊದಲು ಹೇಳಬೇಕು. ಪಶ್ಚಿಮಕ್ಕೊಂದು ಗುಡ್ಡ, ಅದರ ಮೇಲೆ ಕೋಟೆ, ಪೂರ್ವಕ್ಕೊಂದು ಗುಡ್ಡ, ನಡುವಣ ತಗ್ಗಿನ ಏಣಿನ ಮೇಲೆ, ಕುದುರೆಯ ಜೀನಿನ ಮೇಲೆ ಕುಳಿತಂತೆ, ಹಳೆಯ ಊರು. ದಕ್ಷಿಣದ ಇಳಿಜಾರಿನ ಬುಡದಲ್ಲಿ ನೆಕ್ಕರ್ ನದಿ ಹರಿಯುತ್ತದೆ. ಉತ್ತರದ ಕಡೆ ಅಮ್ಮರ್ ಎಂಬ ಹಳ್ಳ. ನದಿಯ ಕಡೆಯ ಮೇಲೂರಿನಲ್ಲಿ ಹಿಂದೆ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಪಾದ್ರಿಗಳೂ ಇದ್ದರು; ಹಳ್ಳದ ಕಡೆಯ ಕೆಳಯೂರಿನಲ್ಲಿ ದ್ರಾಕ್ಷಿತೋಟದ ಕೂಲಿಯವರೂ ಕಸುಬುದಾರರೂ ಇದ್ದರು. ಎರಡಕ್ಕೂ ನಡುವೆ ಹತ್ತು ನಿಮಿಷದ ದಾರಿ. ಆದರೆ ಎರಡೂ ಬೇರೆ ಬೇರೆ ಲೋಕಗಳಾಗಿದ್ದುವು. ಕೆಳಯೂರಿನವರನ್ನು ಗೋಗೆನ್ ಎಂದು ಕರೆಯುತ್ತಿದ್ದರು. ಅವರ ಒರಟು ಹಾಸ್ಯ ಇಂದಿಗೂ ಆ ಪ್ರಾಂತದಲ್ಲಿ ಪ್ರಸಿದ್ಧವಾಗಿದೆ. ಎರಡನೆಯ ಮಹಾಯುದ್ಧದ ಬಾಂಬುಗಳು ಈ ಊರನ್ನು ಬಹುಮಟ್ಟಿಗೆ ಬಿಟ್ಟುಬಿಟ್ಟವು. ಅದರಿಂದಾಗಿ ಮರದ ತೊಲೆಗಳ ಚೌಕಟ್ಟು ಕಟ್ಟಿ ನಡುವೆ ಗಾರೆ ತುಂಬಿದ ಹಳೆಯ ಮನೆಗಳು, ಒಂದಕ್ಕೊಂದು ಭುಜ ಕೊಟ್ಟು ಸ್ವಲ್ಪ ಮುಂದಕ್ಕೆ ಬಾಗಿ, ಇನ್ನೂ ನಿಂತಿವೆ. ಬೀದಿಗಳು ಕಲ್ಲು ಹಾಸಿದವು. ಏರು, ಇಳಿತ, ಮೆಟ್ಟಿಲು. ಮೋಟಾರಿನಲ್ಲಿ ಕುಳಿತವನಿಗೆ ಈ ಊರು ತನ್ನನ್ನು ತೋರಿಸಿಕೊಳ್ಳುವುದೇ ಇಲ್ಲ.

ನನ್ನ ಬೆಳಗಿನ ನಡಿಗೆ ನದಿಯ ದಂಡೆಯಲ್ಲಿ. ಸೇತುವೆಯ ಮಧ್ಯದಿಂದ ಕೆಲವು ಮೆಟ್ಟಿಲಿಳಿದರೆ ನದಿಯ ನಡುವಣ ಉದ್ದನೆಯ ದ್ವೀಪ. ಅದರ ಮೇಲೆ ಎರಡು ಸಾಲು ಪ್ಲೇನ್ ಮರಗಳು. ಹತ್ತಿರ ಹತ್ತಿರ ಇನ್ನೂರು ವರ್ಷದ ಮರಗಳು. ತೊಗಟೆ ಚಕ್ಕೆಚಕ್ಕೆಯಾಗಿ ಉದುರಿ ಒಳಗಿನ ತಿಳಿಹಸಿರು ಕಾಣುತ್ತದೆ. ದ್ವೀಪದಿಂದ ನೋಡಿದರೆ ಎದುರಿನ ದಡದಲ್ಲಿ ಹಳದಿ, ಕೆಂಪು, ನೀಲಿ ಬಣ್ಣದ ಮನೆಗಳ ಸಾಲು. ಅವುಗಳ ಕಾಲಬುಡದಲ್ಲಿ ನದಿಯುದ್ದಕ್ಕೂ ಒಂದು ಹಳೆಯ ಕಲ್ಲುಗೋಡೆ. ಸಂಜೆಯಾಯಿತೆಂದರೆ ವಿದ್ಯಾರ್ಥಿಗಳು ಆ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಸಾಲಾಗಿ ಕುಳಿತುಬಿಡುತ್ತಾರೆ. ಕೆಲವರ ಕೈಯಲ್ಲಿ ಪುಸ್ತಕ, ಕೆಲವರ ಕೈಯಲ್ಲಿ ಬಿಯರಿನ ಸೀಸೆ. ಕೆಲವರು ಸುಮ್ಮನೆ ನೀರು ನೋಡುತ್ತಾರೆ. ಟಿಕೇಟಿಲ್ಲ, ಹೊರಗೆ ಹೋಗಿ ಎನ್ನುವವರಿಲ್ಲ. ನಾನೂ ಒಂದು ಸಂಜೆ ಅವರ ನಡುವೆ ಜಾಗ ಮಾಡಿಕೊಂಡು ಕುಳಿತೆ. ಹುಡುಗನೊಬ್ಬ ತನ್ನ ಚೀಲವನ್ನು ಸರಿಸಿದ, ಮಾತಾಡಲಿಲ್ಲ. ನನಗೆ ಬಹಳ ಸಂತೋಷವಾಯಿತು.

ನೀರಿನ ಮೇಲೆ ಉದ್ದನೆಯ ಚಪ್ಪಟೆ ದೋಣಿಗಳು ಓಡಾಡುತ್ತಿರುತ್ತವೆ. ಹುಟ್ಟು ಹಾಕುವ ದೋಣಿಗಳಲ್ಲ. ಹಿಂದೆ ನಿಂತವನು ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ ನೂಕಬೇಕು. ಬೇಸಿಗೆಯಲ್ಲಿ ಒಂದು ದಿನ ವಿದ್ಯಾರ್ಥಿಸಂಘಗಳು ಈ ದೋಣಿಗಳಲ್ಲಿ ದ್ವೀಪವನ್ನು ಸುತ್ತುವ ಪಂದ್ಯ ನಡೆಸುತ್ತವೆ. ಗೆದ್ದವರಿಗೆ ಬಿಯರ್, ಕೊನೆಯಲ್ಲಿ ಬಂದವರು ಎಲ್ಲರೆದುರಿಗೆ ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಕಾಂಟ್, ಹೆಗೆಲ್ ಎಂದು ಗಂಭೀರವಾಗಿ ಓದುವ ಮಕ್ಕಳಿಗೆ ಈ ಶಿಕ್ಷೆಯೂ ಪಠ್ಯಕ್ರಮದ ಒಂದು ಭಾಗವೆಂದು ತೋರುತ್ತದೆ. ಇದೇ ನದಿಯಲ್ಲಿ 1899ರವರೆಗೆ ಕಪ್ಪುಕಾಡಿನ ಮರದ ದಿಮ್ಮಿಗಳನ್ನು ಒಟ್ಟಿಗೆ ಬಿಗಿದು ತೆಪ್ಪಗಳಾಗಿ ತೇಲಿಸಿಕೊಂಡು ಹೋಗುತ್ತಿದ್ದರಂತೆ. ದಡದ ಮೇಲಿನ ವಿದ್ಯಾರ್ಥಿಗಳು ತೆಪ್ಪದವರನ್ನು "ಯೋಕೆಲೆ, ತಡೆ ಹಾಕೋ!" ಎಂದು ಕೂಗಿ ರೇಗಿಸುವುದು, ಅವರು ಬೈಗುಳದಲ್ಲಿ ಉತ್ತರ ಕೊಡುವುದು ವಾಡಿಕೆಯಾಗಿತ್ತು. ವಿದ್ಯೆಯೂ ಶ್ರಮವೂ ಒಂದನ್ನೊಂದು ಕಂಡದ್ದು ಹೀಗೆ, ನೀರಿನ ಮೇಲಿಂದ.

ದ್ವೀಪದ ಎದುರಿಗೆ, ದಡದ ಗೋಡೆಗೆ ಹತ್ತಿಕೊಂಡು, ಹಳದಿ ಬಣ್ಣದ ಒಂದು ಗುಂಡನೆಯ ಗೋಪುರವಿದೆ. ಪ್ರವಾಸಿಗಳೆಲ್ಲರೂ ಅದರ ಚಿತ್ರ ತೆಗೆದುಕೊಳ್ಳುತ್ತಾರೆ. ಅದು ಹೋಲ್ಡರ್ಲಿನ್ ಕವಿಯ ಗೋಪುರ. 1807ರಲ್ಲಿ ಅವನ ಬುದ್ಧಿ ಕದಡಿತೆಂದು ಇಲ್ಲಿಯ ಚಿಕಿತ್ಸಾಲಯದವರು ನಿರ್ಧರಿಸಿ, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನೆಂದು ಹೇಳಿ ಹೊರಗೆ ಕಳುಹಿಸಿದರು. ಸಮೀಪದಲ್ಲಿದ್ದ ಬಡಗಿ ಎರ್ನ್ಸ್ಟ್ ಸಿಮ್ಮರ್ ಅವನನ್ನು ತನ್ನ ಮನೆಗೆ ಕರೆದುಕೊಂಡ. ಆ ಬಡಗಿ ಹೋಲ್ಡರ್ಲಿನ್ನನ 'ಹೈಪೀರಿಯನ್' ಕಾದಂಬರಿಯನ್ನು ಓದಿ ಮೆಚ್ಚಿದ್ದವನು. ಮೂರು ವರ್ಷವೆಂದದ್ದು ಮೂವತ್ತಾರು ವರ್ಷವಾಯಿತು. ಬಡಗಿ ತೀರಿಕೊಂಡ, ಅವನ ಮಗಳು ಲೊಟ್ಟೆ ಕವಿಯನ್ನು ನೋಡಿಕೊಂಡಳು. ಕವಿ ಪಿಯಾನೋ ಬಾರಿಸುತ್ತಿದ್ದ, ಬಂದವರು ಕೇಳಿದರೆ ಒಂದೆರಡು ಪದ್ಯ ಬರೆದುಕೊಡುತ್ತಿದ್ದ. ಉಳಿದಂತೆ ಗಂಟೆಗಟ್ಟಲೆ ಅತ್ತಿಂದಿತ್ತ ನಡೆಯುತ್ತಿದ್ದ. ಈಗಿನ ಗೋಪುರ ಮೂಲದ್ದಲ್ಲ. 1875ರಲ್ಲಿ ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟಿದ್ದು. ಆದರೆ ಕಿಟಕಿಯಿಂದ ಕಾಣುವ ನೀರು ಅದೇ ನದಿಯದು. ಆ ಕಿಟಕಿಯ ಬಳಿ ನಿಂತಾಗ ನನಗೆ ಕವಿಗಿಂತ ಬಡಗಿಯ ಯೋಚನೆಯೇ ಹೆಚ್ಚಾಗಿ ಬಂದಿತು. ಹುಚ್ಚನೆಂದು ಊರೆಲ್ಲ ಹೇಳಿದ ಪರರ ಮಗನೊಬ್ಬನಿಗೆ ಮೂವತ್ತಾರು ವರ್ಷ ದಿನವೂ ಊಟವಿಟ್ಟು, ಬಟ್ಟೆ ಒಗೆದು, ದೀಪ ಹಚ್ಚಿ ನೋಡಿಕೊಂಡ ಮನೆ ಅದು. ಆತನ ಖರ್ಚಿಗೆ ಕವಿಯ ಕುಟುಂಬದಿಂದ ಹಣ ಬರುತ್ತಿತ್ತೆಂಬುದು ನಿಜ. ಹಣಕ್ಕೆ ಇಷ್ಟು ವರ್ಷದ ತಾಳ್ಮೆ ಬರುವುದೆಂದು ನಾನು ನಂಬುವುದಿಲ್ಲ.

ಕವಿ ತೀರಿಕೊಂಡದ್ದು 1843ರ ಜೂನ್ 7ರಂದು. ಇದನ್ನು ಗೋಡೆಯ ಮೇಲೆ ಓದಿದಾಗ ಏನೋ ನೆನಪಾಗಿ ಬೆರಳು ಮಡಿಸಿ ಎಣಿಸಿದೆ. ಇಪ್ಪತ್ತನಾಲ್ಕು ದಿನಗಳ ಮೇಲೆ, ಜುಲೈ 1ರಂದು, ಹೆರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಮೋಗ್ಲಿಂಗ್ ಅವರು ಓದಿದ್ದು ಈ ಗೋಪುರದಿಂದ ಕೂಗಳತೆಯಲ್ಲಿರುವ ಸ್ಟಿಫ್ಟ್ ಎಂಬ ವಿದ್ಯಾಪೀಠದಲ್ಲಿ. 1536ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಪಾದ್ರಿಗಳಾಗತಕ್ಕ ಹುಡುಗರಿಗೆ ಊಟ ವಸತಿ ಕೊಟ್ಟು ಓದಿಸುತ್ತಿದ್ದರು. ಖಗೋಲಜ್ಞ ಕೆಪ್ಲರ್ ಇಲ್ಲಿಯವನು. ಹೆಗೆಲ್, ಶೆಲ್ಲಿಂಗ್, ಹೋಲ್ಡರ್ಲಿನ್ ಮೂವರೂ ಒಂದೇ ಕೊಠಡಿಯಲ್ಲಿದ್ದವರು. ಮೋಗ್ಲಿಂಗ್ ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ಕವಿ ಗೋಪುರದಲ್ಲಿಯೇ ಇದ್ದ. ನದಿಯ ದಂಡೆಗೆ ಇಳಿದ ಯಾವ ವಿದ್ಯಾರ್ಥಿಗಾದರೂ ಆ ಕಿಟಕಿ ಕಾಣದಿರುವುದು ಅಸಾಧ್ಯ. ಇದಕ್ಕೆ ನಾನು ಯಾವ ಗೂಢಾರ್ಥವನ್ನೂ ಹಚ್ಚುವುದಿಲ್ಲ. ಆದರೆ ನಮ್ಮ ಭಾಷೆಯ ಮೊದಲ ಪತ್ರಿಕೆಯನ್ನು ಅಚ್ಚುಹಾಕಿಸಿದವರು ಈ ದಂಡೆಯಲ್ಲಿ ಅಡ್ಡಾಡಿದ್ದರೆಂದು ತಿಳಿದ ಮೇಲೆ ಆ ಬೆಳಿಗ್ಗೆ ನನ್ನ ಹೆಜ್ಜೆ ಸ್ವಲ್ಪ ನಿಧಾನವಾಯಿತು.

ಸ್ಟಿಫ್ಟಿನಿಂದ ಮೇಲಕ್ಕೆ ಹತ್ತಿ ಚರ್ಚಿನ ಮಗ್ಗುಲಿಗೆ ಬಂದರೆ ಮ್ಯೂಂತ್ಸ್‌ಗಾಸೆ ಎಂಬ ಓಣಿ. ಅಲ್ಲಿಯ ಒಂದು ಮನೆಯ ಮೇಲೆ ಗಯಟೆ ಇಲ್ಲಿ ತಂಗಿದ್ದನೆಂದು ಫಲಕವಿದೆ. ಅವನು 1797ರಲ್ಲಿ ತನ್ನ ಪ್ರಕಾಶಕ ಕೊಟ್ಟಾನ ಅತಿಥಿಯಾಗಿದ್ದದ್ದು ನಿಜ. ಪಕ್ಕದ ಮನೆಯಲ್ಲಿರುವ ವಿದ್ಯಾರ್ಥಿಗಳು ಇದಕ್ಕೆ ಉತ್ತರವಾಗಿ, ಗಯಟೆ ಇಲ್ಲಿ ವಾಂತಿ ಮಾಡಿಕೊಂಡನೆಂದು ತಮ್ಮ ಗೋಡೆಗೊಂದು ಫಲಕ ಹಾಕಿದ್ದಾರೆ. ನನ್ನ ಮಗಳು ಇದನ್ನು ಅನುವಾದಿಸಲು ಸ್ವಲ್ಪ ಸಂಕೋಚಪಟ್ಟಳು. ಮಹಾಕವಿಗಳ ವಿಷಯದಲ್ಲಿ ಇಷ್ಟು ಸಲಿಗೆ ನಮ್ಮಲ್ಲಿ ನಡೆದೀತೆ ಎಂದು ಯೋಚಿಸುತ್ತ ನಾನು ಮುಂದಕ್ಕೆ ನಡೆದೆ.

ಚರ್ಚಿನ ಎದುರಿನ ಚೌಕದ ಮಗ್ಗುಲಲ್ಲಿ ಒಂದು ಹಳೆಯ ಪುಸ್ತಕದ ಅಂಗಡಿಯ ಮನೆಯಿದೆ. ಹೆರ್ಮನ್ ಹೆಸ್ಸೆ 1895ರಿಂದ 1899ರವರೆಗೆ ಅಲ್ಲಿ ಕೆಲಸ ಕಲಿಯುತ್ತಿದ್ದ. ಆಗ ಹದಿನೆಂಟರ ಹುಡುಗ. ಅವನ ತಾಯಿ ಹುಟ್ಟಿದ್ದು ನಮ್ಮ ನೆರೆಯ ಕೇರಳದ ತಲಚೇರಿಯಲ್ಲಿ. ತಾಯಿಯ ತಂದೆ ಮಲಯಾಳ ನಿಘಂಟಿನ ಕರ್ತೃ ಹೆರ್ಮನ್ ಗುಂಡರ್ಟ್, ಮೋಗ್ಲಿಂಗ್ ಅವರಂತೆಯೇ ಈ ಸ್ಟಿಫ್ಟಿನ ವಿದ್ಯಾರ್ಥಿ. ಕಿಟ್ಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಅದಕ್ಕಾಗಿ ಇಲ್ಲಿಯ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರ್ ಪದವಿ ಕೊಟ್ಟದ್ದು 1896ರಲ್ಲಿ. ಹಾಗಾದರೆ ಆ ವರ್ಷಗಳಲ್ಲಿ ಒಂದು ದಿನ ಅಂಗಡಿಯ ಬಾಗಿಲಲ್ಲಿ, ಪುಸ್ತಕ ಜೋಡಿಸುತ್ತಿದ್ದ ಆ ಹುಡುಗನೂ ಅರುವತ್ತು ದಾಟಿದ ಆ ನಿಘಂಟುಕಾರರೂ ಎದುರುಬದುರಾಗಿರಬಾರದೇಕೆ? ಇದು ನನ್ನ ಕಲ್ಪನೆ. ವಾಚಕರು ಇದನ್ನು ಚರಿತ್ರೆಯೆಂದು ತಿಳಿಯಬಾರದು.

ಇಲ್ಲಿಯೇ ನನ್ನ ಯಾತ್ರೆಯ ಭಾವಕ್ಕೆ ಮೊದಲ ಪೆಟ್ಟು ಬಿದ್ದದ್ದು. ಮೂರನೆಯ ವಾರದ ಹೊತ್ತಿಗೆ ನಾನು ಪ್ರತಿ ಬೀದಿಯಲ್ಲಿಯೂ ಕಿಟ್ಟೆಲ್ ಅವರ ಗುರುತನ್ನೇ ಹುಡುಕುತ್ತಿದ್ದೆ. ಎದುರಿಗೆ ಬಂದ ಜನ, ಮನೆ, ಮರ ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಇಡೀ ಊರು ನಮ್ಮ ಒಂದು ಪುಸ್ತಕಕ್ಕೆ ಅಡಿಟಿಪ್ಪಣಿಯಾಗಿ ಹೋಗಿತ್ತು. ಇದು ನಮ್ಮ ಪ್ರವಾಸಿಗಳಲ್ಲಿ, ಪ್ರವಾಸದ ಪುಸ್ತಕ ಬರೆಯುವವರಲ್ಲಿ, ಮತ್ತೆ ಮತ್ತೆ ಕಾಣುವ ದೋಷವೆಂದು ನನಗೆ ತೋರುತ್ತದೆ. ಎಲ್ಲಿಗೆ ಹೋದರೂ ನಾವು ನಮ್ಮನ್ನೇ ಹುಡುಕುತ್ತೇವೆ. ಸಿಕ್ಕಿದರೆ ಹೆಮ್ಮೆ, ಸಿಕ್ಕದಿದ್ದರೆ ಬೇಸರ. ಎಪ್ಪತ್ತು ಸಾವಿರದಷ್ಟು ಶಬ್ದಗಳನ್ನು ಕೂಡಿಸಿದ ಕಿಟ್ಟೆಲ್ ಅವರು ನಮ್ಮ ನಾಡಿಗೆ ಬಂದಾಗ ಇಂಥ ದೃಷ್ಟಿಯಿಂದ ಬಂದಿದ್ದರೆ ಮಣ್ಣಿನ ಮಡಕೆಗೂ ನೇಗಿಲಿನ ಮೇಳಿಗೂ ಹೆಸರು ಕೇಳುತ್ತಿರಲಿಲ್ಲ. ಅವರು ಧರ್ಮಪ್ರಚಾರಕ್ಕೆಂದು ಬಂದವರೇ. ಅದು ಬೇರೆ ಮಾತು. ಆದರೆ ಕೊನೆಗೆ ಅವರ ಕೈಯಲ್ಲಿ ಉಳಿದದ್ದು ನಮ್ಮ ಅಡಿಗೆಮನೆಯ, ಹೊಲದ, ಸಂತೆಯ ಮಾತು. ಅವರ ಮನೆಯನ್ನೂ ಸಮಾಧಿಯನ್ನೂ ಹುಡುಕುವುದನ್ನು ನಾನು ಅಂದಿಗೆ ಬಿಟ್ಟೆ. ಅವರ ಊರಿನ ಸಂತೆಗೆ ಹೋಗುವುದು ಹೆಚ್ಚು ಸರಿಯೆಂದು ಕಂಡಿತು.

ಸಂತೆ ನಡೆಯುವುದು ಪುರಭವನದ ಮುಂದಿನ ಚೌಕದಲ್ಲಿ. ಪುರಭವನ 1435ರದು, ಅದರ ನೆತ್ತಿಯಲ್ಲಿ ಸೂರ್ಯಚಂದ್ರರ ಗತಿಯನ್ನು ತೋರಿಸುವ 1511ರ ಗಡಿಯಾರವಿದೆ. ಕೆಳಗೆ ಮೂಲಂಗಿ, ಬೀನ್ಸು, ಚೆರಿಹಣ್ಣು, ಜೇನು, ಹೂವು. ಚೌಕ ಇಳಿಜಾರಾಗಿರುವುದರಿಂದ ವ್ಯಾಪಾರಿಗಳು ಮೇಜಿನ ಎರಡು ಕಾಲಿಗೆ ಹಲಗೆ ತುಂಡು ಕೊಟ್ಟು ಮಟ್ಟ ಮಾಡಿಕೊಂಡಿರುತ್ತಾರೆ. ಹಣ್ಣನ್ನು ನಾವೇ ಮುಟ್ಟಿ ಆರಿಸಲು ಕೈಹಾಕಿದರೆ ಮಾರುವ ಹೆಂಗಸು ಹುಬ್ಬೇರಿಸುತ್ತಾಳೆ, ಅವಳೇ ಆರಿಸಿಕೊಡಬೇಕು. ಚೌಕಾಸಿಗೆ ಅವಕಾಶವಿಲ್ಲ. ಆದರೆ ನಾಲ್ಕನೆಯ ಸಲ ಹೋದಾಗ, ಕೇಳದೆಯೇ, ನನ್ನ ಚೀಲಕ್ಕೆ ಒಂದು ಹಿಡಿ ಚೆರಿಹಣ್ಣು ಹೆಚ್ಚಿಗೆ ಬಿತ್ತು. ಕೊಸರು ಎಂಬ ನಮ್ಮ ಮಾತಿಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೋ!

ಸಂತೆಯಿಂದ ಕೆಳಯೂರಿಗೆ ಇಳಿಯುವುದು ನನ್ನ ನಿತ್ಯದ ಪರಿಪಾಟವಾಯಿತು. ಅಲ್ಲಿ ಅಮ್ಮರ್ ಹಳ್ಳದ ಕಾಲುವೆ ಬೀದಿಯ ಮಗ್ಗುಲಲ್ಲಿಯೇ ಹರಿಯುತ್ತದೆ. ಹಿಂದೆ ಗಿರಣಿಯ ಚಕ್ರ ತಿರುಗಿಸುತ್ತಿದ್ದ ನೀರು. ಅದರ ಪಕ್ಕದ ಒಂದು ಹಳೆಯ ಮನೆಯಲ್ಲಿ ಹದಿನಾರನೆಯ ಶತಮಾನದ ಸಸ್ಯಶಾಸ್ತ್ರಜ್ಞ ಲೆಯೊನ್‌ಹಾರ್ಟ್ ಫುಕ್ಸ್ ವಾಸವಾಗಿದ್ದ. ನಮ್ಮ ಊಟಿ, ಮಡಿಕೇರಿಗಳ ತೋಟಗಳಲ್ಲಿ ತೂಗುವ ಫ್ಯೂಷಿಯಾ ಹೂವಿಗೆ ಹೆಸರು ಬಂದದ್ದು ಅವನಿಂದ. ಅಲ್ಲಿಯೇ ಒಂದು ರೊಟ್ಟಿಯಂಗಡಿ. ಒಳಗೆ ಕಾಲಿಟ್ಟವರು ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳಬೇಕು, ಹೋಗುವಾಗ ಇನ್ನೊಂದು. ಈ ಶ್ವಾಬಿಯ ಪ್ರಾಂತದ ಬ್ರೆಟ್ಸೆಲ್ ಎಂಬ ತಿರುಚಿದ ರೊಟ್ಟಿ ನಮ್ಮ ಚಕ್ಕುಲಿಯ ದೂರದ ನೆಂಟನಂತೆ ಕಾಣುತ್ತದೆ: ಹೊಟ್ಟೆ ದಪ್ಪ, ಮೆತ್ತಗೆ, ತೋಳು ತೆಳ್ಳಗೆ, ಗರಿಗರಿ. ಹೊಟ್ಟೆಯನ್ನು ಸೀಳಿ ಬೆಣ್ಣೆ ಹಚ್ಚಿ ಕೊಡುತ್ತಾರೆ. ಮೊದಲ ದಿನ ಕಾಫಿಯನ್ನು ಕಾಗದದ ಲೋಟದಲ್ಲಿ ಕೇಳಿದೆ. ಲೆಕ್ಕದಲ್ಲಿ ಲೋಟಕ್ಕೆಂದು 50 ಸೆಂಟು ಬೇರೆಯಾಗಿ ಬಂದಿತು. 2022ರಿಂದ ಈ ನಗರಸಭೆ ಒಂದು ಸಲ ಬಳಸಿ ಬಿಸಾಡುವ ಲೋಟ ತಟ್ಟೆಗಳಿಗೆ ತೆರಿಗೆ ಹಾಕಿದೆ. ಚಮಚಕ್ಕೆ 20 ಸೆಂಟು. ವ್ಯಾಪಾರಿಯೊಬ್ಬರು ಕೋರ್ಟಿಗೆ ಹೋದರು. ವ್ಯಾಜ್ಯ ದೇಶದ ಸಂವಿಧಾನ ನ್ಯಾಯಾಲಯದವರೆಗೆ ಹತ್ತಿ, 2025ರ ಜನವರಿಯಲ್ಲಿ ನಗರಸಭೆಯ ಪರವಾಗಿ ತೀರ್ಮಾನವಾಯಿತು. ಒಂದು ಕಾಗದದ ಲೋಟಕ್ಕೆ ಇಷ್ಟು ದೊಡ್ಡ ವ್ಯಾಜ್ಯ! ನಾನು ಅಂದಿನಿಂದ ಅಲ್ಲಿಯೇ ಕುಳಿತು ಪಿಂಗಾಣಿ ಬಟ್ಟಲಿನಲ್ಲಿ ಕುಡಿದೆ. ಅದರಿಂದ ನನಗೆ ಅರ್ಧ ಗಂಟೆ ಸಿಕ್ಕಿತು, ಕಿಟಕಿಯ ಹೊರಗಿನ ಬೀದಿಯೂ ಸಿಕ್ಕಿತು.

ಕೋಟೆಯನ್ನು ಹತ್ತಿ ನೋಡಿದೆನೆಂಬುದನ್ನೂ ಹೇಳಿಬಿಡಬೇಕು. ಅರಮನೆಯ ವೈಭವ ಅಲ್ಲೇನೂ ಇಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಹಳೆಯ ಅಡಿಗೆಮನೆ. ಅದನ್ನು ರಸಾಯನಶಾಸ್ತ್ರದ ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದ ಕಾಲದಲ್ಲಿ, 1869ರಲ್ಲಿ, ಫ್ರೀಡ್ರಿಖ್ ಮೀಷರ್ ಎಂಬ ತರುಣ ಆಸ್ಪತ್ರೆಯಿಂದ ತರಿಸಿದ ಗಾಯದ ಬಟ್ಟೆಗಳ ಕೀವನ್ನು ತೊಳೆದು ಪರೀಕ್ಷಿಸುತ್ತ, ಜೀವಕೋಶದ ನಡುವಣ ಒಂದು ಹೊಸ ಪದಾರ್ಥವನ್ನು ಕಂಡ. ನಾವು ಇಂದು ಡಿ.ಎನ್.ಎ. ಎಂದು ಕರೆಯುವುದರ ಮೊದಲ ಪತ್ತೆ ಅದು. ಯಾರೂ ಮುಟ್ಟಲೊಲ್ಲದ ಚಿಂದಿಬಟ್ಟೆಯಿಂದ, ಒಂದು ಅಡಿಗೆಮನೆಯಲ್ಲಿ!

ಇಷ್ಟು ಹೇಳಿದ ಮೇಲೆ ಒಂದು ಅವಮಾನದ ಪ್ರಸಂಗವನ್ನು ಮುಚ್ಚಿಡುವುದು ನ್ಯಾಯವಲ್ಲ. ಒಂದು ಭಾನುವಾರ ಬೆಳಿಗ್ಗೆ ಸೇತುವೆಯ ಬಳಿ ರಸ್ತೆ ದಾಟಬೇಕಾಗಿತ್ತು. ಕೆಂಪು ದೀಪವಿತ್ತು. ಎರಡು ಕಡೆಯೂ ಕಣ್ಣು ಹೋಗುವವರೆಗೆ ಒಂದು ಬೈಸಿಕಲ್ ಕೂಡ ಇಲ್ಲ. ನಾನು ದಾಟಿದೆ. ಆಚೆಯ ದಡದಲ್ಲಿ ಮೊಮ್ಮಗುವಿನ ಕೈ ಹಿಡಿದು ನಿಂತಿದ್ದ ಒಬ್ಬ ಅಜ್ಜಿ ಏನನ್ನೋ ಗಟ್ಟಿಯಾಗಿ ಹೇಳಿದಳು. ನನಗೆ ಬರುವ ಅಲ್ಪ ಜರ್ಮನ್ನಿನಲ್ಲಿಯೂ ಮಕ್ಕಳು ನೋಡುತ್ತಿದ್ದಾರೆ ಎಂಬಷ್ಟು ಅರ್ಥವಾಯಿತು. ಮೂವತ್ತೈದು ವರ್ಷ ಉಪಾಧ್ಯಾಯನಾಗಿದ್ದವನಿಗೆ ಇದಕ್ಕಿಂತ ನೋವಿನ ಮಾತಿಲ್ಲ. ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ನಾನು ಆ ಜನರ ನಿಯಮನಿಷ್ಠೆಯನ್ನು ಹೊಗಳಲು ಆರಂಭಿಸಿದೆ. ನಮ್ಮ ಊರುಗಳಲ್ಲಿ ಹೀಗೆಲ್ಲಿದೆ, ಈ ಬೀದಿಗಳ ಚೊಕ್ಕಟವನ್ನು ನೋಡು ಎಂದು, ಪರದೇಶದಿಂದ ಬಂದ ಎಲ್ಲರೂ ಮಾಡುವ ಭಾಷಣವನ್ನು ನಾನೂ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಗಾರ್ಟನ್ ಬೀದಿಯ ಕಡೆ ನಡೆದು ಬನ್ನಿ, ಅಪ್ಪ" ಎಂದಳು.

ಆ ಬೀದಿ ಸೇತುವೆಯಿಂದ ಪೂರ್ವಕ್ಕೆ, ಗುಡ್ಡದ ಬುಡದಲ್ಲಿ, ನದಿಗೆ ಸಮಾನಾಂತರವಾಗಿ ಹೋಗುತ್ತದೆ. ಸುಂದರವಾದ ಬೀದಿ, ತೋಟಗಳು, ಹಳೆಯ ಮನೆಗಳು. ಅಲ್ಲಿ ಒಂದು ಪುಟ್ಟ ಬಯಲು, ಅದರಲ್ಲೊಂದು ಸ್ಮಾರಕ. 1882ರಲ್ಲಿ ಈ ಊರಿನ ಯಹೂದ್ಯರು ಕಟ್ಟಿಸಿದ್ದ ಪ್ರಾರ್ಥನಾಮಂದಿರ ಅಲ್ಲಿತ್ತು. 1938ರ ನವೆಂಬರ್ 9ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಅದನ್ನು ಸುಟ್ಟರು. ಸ್ಮಾರಕ ಬಂದದ್ದು 2000ದಲ್ಲಿ. ನಡುವೆ ಅರುವತ್ತೆರಡು ವರ್ಷ. ಹಿಂದಿರುಗುವಾಗ ಪೇಟೆಯ ಕೆಲವು ಮನೆಗಳ ಮುಂದೆ, ಕಾಲುದಾರಿಯ ಕಲ್ಲುಗಳ ನಡುವೆ, ಅಂಗೈಯಗಲದ ಹಿತ್ತಾಳೆಯ ತಗಡುಗಳನ್ನು ಕಂಡೆ. ಈ ಮನೆಯಲ್ಲಿ ಇದ್ದವರ ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಓಡಿಹೋದರು ಅಥವಾ ಎಲ್ಲಿ ಕೊಂದರು ಎಂದು ಕೆತ್ತಿದೆ. ಓದಬೇಕಾದರೆ ಬಗ್ಗಬೇಕು. ಮೂರು ವಾರದಿಂದ ನಾನು ಅವುಗಳನ್ನು ದಾಟಿಕೊಂಡು ಓಡಾಡಿದ್ದೆ. ಮೇಲಿನ ಹೂಕುಂಡಗಳನ್ನೇ ನೋಡುತ್ತಿದ್ದ ಕಣ್ಣಿಗೆ ಕೆಳಗಿನದು ಬಿದ್ದಿರಲಿಲ್ಲ. ದ್ವೀಪದ ಪಶ್ಚಿಮದ ತುದಿಯಲ್ಲಿ, ಜನಪದ ಹಾಡುಗಳಿಗೆ ರಾಗ ಕೂಡಿಸಿದ ಜಿಲ್ಖರ್ ಎಂಬ ಸಾಧು ಸಂಗೀತಗಾರನ ಭಾರಿ ಕಲ್ಲಿನ ಪ್ರತಿಮೆಯಿದೆ. 1941ರಲ್ಲಿ ನಾಜಿಗಳು ನಿಲ್ಲಿಸಿದ್ದು. ದಿನವೂ ನೋಡುತ್ತಿದ್ದೆ, ಆ ಸಂಜೆ ಅದರ ಹಿಂಬದಿಗೆ ಹೋಗಿ ನೋಡಿದೆ. ಅವನ ಬೆನ್ನಿನಿಂದ ಸಿಪಾಯಿಗಳ ಆಕೃತಿಗಳು ಹೊರಡುತ್ತವೆ.

ನನ್ನ ಅಭಿಪ್ರಾಯವೆಂದು ಹೇಳಬೇಕಾದದ್ದು ಈ ಸ್ಥಳದಲ್ಲಿದೆ. ಒಂದು ಊರಿನ ದಿನನಿತ್ಯದ ಸೊಬಗನ್ನು ಕಂಡು ಅಲ್ಲಿಯ ಜನರ ಸ್ವಭಾವಕ್ಕೆ ಪ್ರಶಂಸಾಪತ್ರ ಬರೆದುಕೊಡುವುದು ಸುಲಭ. ಅದನ್ನೇ ಕೋಲಾಗಿ ಹಿಡಿದು ನಮ್ಮವರಿಗೆ ಬಾರಿಸುವುದು ಇನ್ನೂ ಸುಲಭ. 1938ರಲ್ಲಿಯೂ ಈ ಬೀದಿಗಳು ಚೊಕ್ಕಟವಾಗಿದ್ದುವು. ಬೆಂಕಿಯಿಟ್ಟ ರಾತ್ರಿಯ ಮರುದಿನವೂ ಯಾರೋ ಕಸ ಗುಡಿಸಿರಬೇಕು, ರೊಟ್ಟಿಯಂಗಡಿಗಳಲ್ಲಿ ಬಂದವರು ಬಂದವರಿಗೆ ನಮಸ್ಕಾರ ಹೇಳಿರಬೇಕು. ಹಾಗೆಂದು ಈ ಸೊಬಗೆಲ್ಲ ವೇಷವೆಂದು ತಳ್ಳಿಹಾಕುವುದಕ್ಕೂ ನನಗೆ ಮನಸ್ಸಿಲ್ಲ. ಬಡಗಿ ಸಿಮ್ಮರನ ಮನೆಯೂ ಇದೇ ಊರಿನಲ್ಲಿದೆ. ಗೋಪುರವನ್ನು ನೋಡಿ ಸಮೀಪದ ಬಯಲನ್ನು ಬಿಟ್ಟವನೂ, ಬಯಲನ್ನು ನೋಡಿ ಗೋಪುರವನ್ನು ಬಿಟ್ಟವನೂ, ಇಬ್ಬರೂ ಅರ್ಧ ಊರನ್ನು ನೋಡಿದವರು. ಎರಡಕ್ಕೂ ನಡುವೆ ನಡೆದರೆ ಇಪ್ಪತ್ತು ನಿಮಿಷವೂ ಬೇಡ. ನಾಲ್ಕು ದಿನದಲ್ಲಿ ಐದು ದೇಶ ಮುಗಿಸುವ ಪ್ರವಾಸದ ಮೋಟಾರುಗಳು ಈ ಊರಿಗೂ ಬರುತ್ತವೆ. ಸೇತುವೆಯ ಮೇಲೆ ಇಳಿದು ಗೋಪುರದ ಚಿತ್ರ ತೆಗೆದುಕೊಂಡು, ಐಸ್‌ಕ್ರೀಮ್ ತಿಂದು ಹೋಗುತ್ತಾರೆ. ಅವರನ್ನು ಬೈಯುವ ಅಧಿಕಾರ ನನಗಿಲ್ಲ. ಮಂಡಿ ನೋವಿಲ್ಲದಿದ್ದರೆ, ಮಗಳ ಮನೆಯಿಲ್ಲದಿದ್ದರೆ, ನಾನೂ ಅವರಲ್ಲೊಬ್ಬನಾಗಿರುತ್ತಿದ್ದೆ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನನ್ನದು ಶಿವಮೊಗ್ಗ, ತುಂಗೆಯ ದಂಡೆಯ ಊರು. ಅಲ್ಲಿ ಅರುವತ್ತು ವರ್ಷ ಇದ್ದು ನಾನು ನದಿಗೆ ಹೋದದ್ದು ಹಬ್ಬದ ಸ್ನಾನಕ್ಕೆ, ಇಲ್ಲವೆ ಯಾರಾದರೂ ಹಿರಿಯರ ಅಸ್ಥಿಯನ್ನು ಬಿಡುವುದಕ್ಕೆ. ಸಂಜೆ ಸುಮ್ಮನೆ ದಂಡೆಯ ಮೇಲೆ ಕುಳಿತ ನೆನಪು ಬಾಲ್ಯದ್ದು. ಶಾಲೆಗೆ ಸ್ಕೂಟರಿನಲ್ಲಿ ಹೋಗಿ ಸ್ಕೂಟರಿನಲ್ಲಿ ಬಂದೆ. ದಾರಿಯಲ್ಲಿದ್ದ ಕಂಚುಗಾರರ ಅಂಗಡಿ ಎಂದು ಮುಚ್ಚಿತೆಂದು ಕೇಳಿದರೆ ನನಗೆ ಗೊತ್ತಿಲ್ಲ. ಮಕ್ಕಳಿಗೆ ಮಾತ್ರ, ಶಬ್ದಗಳನ್ನು ಅವು ಬದುಕುವ ಜಾಗದಲ್ಲಿ ಕಲಿಯಬೇಕೆಂದು ವರ್ಷ ವರ್ಷವೂ ಉಪದೇಶ ಮಾಡಿದೆ. ನೆಕ್ಕರ್ ದಂಡೆಯ ಗೋಡೆಯ ಮೇಲೆ ಕುಳಿತಾಗ ಇದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು. ಹಿಂದಿರುಗಿದ ಮೇಲೆ ಸಂಜೆ ಸೇತುವೆಯವರೆಗೆ ನಡೆದುಹೋಗಿ ಬರುತ್ತಿದ್ದೇನೆ. ಕುಳಿತುಕೊಳ್ಳಲು ಸರಿಯಾದ ಜಾಗ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.

ಹೊರಡುವ ವಾರದ ಒಂದು ಸಂಗತಿ ಉಳಿದಿದೆ. ಶ್ವಾಬಿಯದಲ್ಲಿ ಗುಡಿಸುವ ವಾರವೆಂದು ಒಂದು ಪದ್ಧತಿಯುಂಟು. ಒಂದೇ ಕಟ್ಟಡದಲ್ಲಿ ನಾಲ್ಕಾರು ಸಂಸಾರಗಳಿದ್ದರೆ ಮೆಟ್ಟಿಲು, ನೆಲಮಾಳಿಗೆ, ಮುಂದಿನ ಕಾಲುದಾರಿಗಳನ್ನು ಚೊಕ್ಕಟ ಮಾಡುವ ಸರದಿ ವಾರಕ್ಕೊಬ್ಬರದು. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆಯನ್ನು ತಗುಲಿಹಾಕುತ್ತಾರೆ. ಕೆಲಸ ಮುಗಿಸಿದವರು ಅದನ್ನು ಮುಂದಿನ ಮನೆಯ ಬಾಗಿಲಿಗೆ ವರ್ಗಾಯಿಸಬೇಕು. ಆ ಶನಿವಾರ ಹಲಗೆ ನಮ್ಮ ಬಾಗಿಲಿಗೆ ಬಂದಿತ್ತು. ಮಗಳಿಗೆ ಪ್ರಯೋಗಶಾಲೆಯಲ್ಲಿ ಕೆಲಸ. ನಾನೇ ಪೊರಕೆ ಹಿಡಿದು ಮೂರು ಅಂತಸ್ತಿನ ಮೆಟ್ಟಿಲನ್ನೂ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಕಾಲುದಾರಿಗೆ ಇಳಿದೆ. 'ಪೊರಕೆ'ಗೆ ಕಿಟ್ಟೆಲ್ ಅವರು ಏನೇನು ಅರ್ಥ ಕೊಟ್ಟಿರಬಹುದೆಂದು ಯೋಚಿಸುತ್ತ ಗುಡಿಸಿದೆ. ನೆಲದ ಮಟ್ಟದ ಮನೆಯ ವೃದ್ಧೆ ಹೊರಗೆ ಬಂದರು. ಒಂಬತ್ತು ವಾರದಲ್ಲಿ ನನಗೂ ಅವರಿಗೂ ನಮಸ್ಕಾರದಾಚೆಗೆ ಮಾತು ನಡೆದಿರಲಿಲ್ಲ. ಕಾಲುದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು, ತಲೆದೂಗಿದರು. ಆಮೇಲೆ ನಿಧಾನವಾಗಿ ಬಗ್ಗಿ, ಮೆಟ್ಟಿಲಿನ ಎಡಮೂಲೆಯಲ್ಲಿ ಉಳಿದಿದ್ದ ಒಂದು ಒಣ ಎಲೆಯನ್ನು ಬೆರಳಿನಿಂದ ತೋರಿಸಿದರು.